ಕೂಸಿನ ಹಣೆಯ ಉಪ್ಪು

ತೊಟ್ಟಿಲು ಶಾಸ್ತ್ರದ ದಿನ ಗುಂಡುಕಲ್ಲನ್ನು ತೊಳೆದವಳು ವನಜಾಕ್ಷಿ. ಹಿತ್ತಿಲಲ್ಲಿ ಕೂತು ತೆಂಗಿನ ನಾರಿನಿಂದ ಅದನ್ನು ತಿಕ್ಕಿ, ಅರಿಶಿನ ಬಳಿದು, ಬಿಳಿ ಬಟ್ಟೆ ಸುತ್ತಿ ನಡುಮನೆಗೆ ತಂದಿಟ್ಟಳು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಕೂಸಿಗಿಂತ ಮೊದಲು ಆ ಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುವ ಹೆಂಗಸರು ಮಕ್ಕಳೊಂದಿಗರಾಗಿರಬೇಕು. ವನಜಾಕ್ಷಿಗೆ ಮಕ್ಕಳಿರಲಿಲ್ಲ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ, ಸೀರೆಯ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಳು. ಕಲ್ಲನ್ನು ತೊಳೆಯಲು ಯಾರಾದರೂ ಆದೀತು, ತೂಗಲು ಮಾತ್ರ ಹೆತ್ತವಳೇ ಬೇಕು ಎನ್ನುವ ಶಾಸ್ತ್ರವನ್ನು ಯಾವ ಮಹಾನುಭಾವ ಬರೆದನೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಒಂದೆರಡು ಮಾತು ಕೇಳಬೇಕೆಂದಿದ್ದೇನೆ.

ನಾನು ಅನುಪಮಾ. ಯಗಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಗಿಡ್ಡಪ್ಪನವರ ಮನೆಗೂ ನಾನಿರುವ ಬಾಡಿಗೆ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಅಷ್ಟೆ. ಆ ಮನೆಯವರು ಒಳ್ಳೆಯ ಜನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ಅವರನ್ನು ರಾಕ್ಷಸರೆಂದು ಯಾರೂ ತಿಳಿಯಬಾರದು. ಗಿಡ್ಡಪ್ಪನವರಿಗೆ ಒಂದಿಷ್ಟು ತೆಂಗು, ರಾಗಿಯ ಹೊಲ, ಒಂದು ಹಿಂಡು ಕುರಿ. ಹೆಂಡತಿ ಭಾಗಮ್ಮ, ಹಸಿದು ಬಂದವರಿಗೆ ಮುದ್ದೆ ಇಕ್ಕದೆ ಕಳಿಸಿದವರಲ್ಲ. ಮಗಳು ಹೇಮಾವತಿಯನ್ನು ಭಾಗಮ್ಮ ತಮ್ಮ ಸ್ವಂತ ತಮ್ಮ ತಿಮ್ಮೇಶನಿಗೇ ಕೊಟ್ಟು ಅಜ್ಜಂಪುರಕ್ಕೆ ಕಳಿಸಿದ್ದರು. ಅಕ್ಕನ ಮಗಳ ಮೇಲೆ ತಮ್ಮನಿಗೆ ಹಕ್ಕು ಎನ್ನುವುದು ಈ ಕಡೆ ಯಾರೂ ಕೇಳಿ ಪಡೆಯುವ ವಿಷಯವಲ್ಲ, ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಮಗ ಚಂದ್ರಕುಮಾರ ಕಡೂರಿನಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅವನೊಬ್ಬ ಮಾತ್ರ ಸಂಬಂಧದ ಹೊರಗೆ, ಸಿಂಗಟಗೆರೆಯ ವನಜಾಕ್ಷಿಯನ್ನು ಮೆಚ್ಚಿ ಮದುವೆಯಾಗಿದ್ದ. ಮದುವೆಯಾಗಿ ಏಳು ವರ್ಷ ಕಳೆದರೂ ತೊಟ್ಟಿಲು ಕಟ್ಟಲಿಲ್ಲ.

"ಹೊರಗಿಂದ ತಂದಿದ್ಕೆ ಹಿಂಗಾಯ್ತು ಕಣ್ ಮೇಡಮ್ಮೋರೆ," ಎಂದು ಭಾಗಮ್ಮ ಗೋಡೆಯ ಆಚೆಯಿಂದ ಎಷ್ಟೋ ಸಲ ಹೇಳಿದ್ದರು. "ನಮ್ ರಕ್ತ ನಮ್ಮೊಳಗೇ ಇದ್ದಿದ್ರೆ ಇಷ್ಟೊತ್ಗೆ ಮನೆ ತುಂಬ ಮಕ್ಳಿರೋವು."

"ಹೇಮಾವತಿಯನ್ನು ಒಳಗೇ ಕೊಟ್ಟಿರಲ್ಲಮ್ಮ. ಧನುಶ್ರೀ ಆದಮೇಲೆ ಒಂದು ಗಂಡುಕೂಸು ಕೆಮ್ಮಿ ಕೆಮ್ಮಿ ಹೋಗಲಿಲ್ಲವೇ?"

"ಅದು ಬಾಲಗ್ರಹ. ಅದ್ನೂ ಇದ್ನೂ ಒಂದ್ ಮಾಡ್ಬೇಡಿ."

ಹೀಗೆ. ಅವರ ಬುಟ್ಟಿಯಲ್ಲಿ ಎಲ್ಲದಕ್ಕೂ ಒಂದು ಉತ್ತರ ಸಿದ್ಧವಾಗಿರುತ್ತಿತ್ತು.

ಈಗ ತೊಟ್ಟಿಲಿಗೆ ಬಿದ್ದದ್ದು ಹೇಮಾವತಿಯ ತಡವಾದ ಕೂಸು. ಮಗಳು ಧನುಶ್ರೀ ಕಡೂರಿನ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಆದ ಗಂಡುಮಗು. ಬಾಣಂತನ ತವರಿನಲ್ಲಿ. ನೀರು ಕಾಯಿಸುವುದು, ಬಟ್ಟೆ ಒಗೆಯುವುದು, ಬಾಣಂತಿಗೆ ಮೆಣಸಿನ ಸಾರು ಮಾಡುವುದು ಎಲ್ಲವೂ ವನಜಾಕ್ಷಿಯ ಪಾಲು. ಕೂಸನ್ನು ಎತ್ತಿಕೊಳ್ಳುವುದೊಂದು ಬಿಟ್ಟು. ಹೇಮಾವತಿ ಒಳ್ಳೆಯವಳು. ಅಮ್ಮ ಕುರಿ ಹಟ್ಟಿಯ ಕಡೆ ಹೋದ ಒಂದು ಬೆಳಿಗ್ಗೆ, "ತಗಾ ವನಜಾ, ಎತ್ಕೋ," ಎಂದು ಕೂಸನ್ನು ತಮ್ಮನ ಹೆಂಡತಿಯ ಮಡಿಲಿಗೆ ಹಾಕಿದಳು. ನಾನು ಮೊಸರು ಕೇಳಲು ಹೋದವಳು ಬಾಗಿಲಲ್ಲೇ ನಿಂತೆ. ವನಜಾಕ್ಷಿ ಮೊದಲು ಕೈಕಾಲು ಬಿಗಿಹಿಡಿದು ಕೂತಳು, ಒಡೆಯುವ ಪಾತ್ರೆ ಹಿಡಿದವಳ ಹಾಗೆ. ಆಮೇಲೆ ಬಗ್ಗಿ ಕೂಸಿನ ಹಣೆಗೆ ಮುತ್ತಿಟ್ಟಳು. ಮುಖವೆತ್ತಿ ತುಟಿ ಸವರಿಕೊಂಡಳು.

"ಅತ್ಗೆ, ಕೂಸಿನ ಮೈಯೆಲ್ಲ ಉಪ್ಪುಪ್ಪು!"

ಹೇಮಾವತಿ ಉತ್ತರ ಕೊಡುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಭಾಗಮ್ಮ ಬಂದರು. ಮಾತು ಅವರ ಕಿವಿಗೆ ಬಿದ್ದಿತ್ತು. ಕೂಸನ್ನು ಕಿತ್ತುಕೊಂಡವರೇ ಹಣೆಗೆ ಬೂದಿ ಹಚ್ಚಿ, "ಏನ್ ಬಾಯೇ ನಿಂದು! ಹಸುಗೂಸನ್ನ ನೆಕ್ಕಿ ಉಪ್ಪು ಅಂತೀಯಲ್ಲ, ತಿನ್ನೋಕೇನೇ ನೋಡಿದ್ದು?" ಎಂದರು. ವನಜಾಕ್ಷಿ ಎದ್ದು ಅಡುಗೆಮನೆಗೆ ಹೋದಳು. ನಾನು ಮೊಸರು ಇಸಿದುಕೊಳ್ಳದೆ ವಾಪಸ್ಸು ಬಂದೆ.

ಕೂಸು ಮೈ ಹಿಡಿಯಲಿಲ್ಲ. ಗಳಗಳ ಹಾಲು ಕುಡಿಯುತ್ತಿತ್ತು, ಕುಡಿದದ್ದೆಲ್ಲ ಎಣ್ಣೆ ಎಣ್ಣೆಯಾಗಿ ಹೊರಗೆ ಹೋಗುತ್ತಿತ್ತು. ಎದೆಯಲ್ಲಿ ಸದಾ ಗೊರಗೊರ. ನಮ್ಮ ಮನೆಯ ತನಕ ಆ ಕೆಮ್ಮು ಕೇಳುತ್ತಿತ್ತು, ಇಷ್ಟೇ ಇಷ್ಟು ಗಾತ್ರದ ಕೂಸಿನೊಳಗಿನಿಂದ ಅಷ್ಟು ದೊಡ್ಡ ಕೆಮ್ಮು. ಕಡೂರಿನ ಮಕ್ಕಳ ಡಾಕ್ಟರು ಔಷಧಿ ಕೊಟ್ಟರು, ಕಡಿಮೆಯಾಯಿತು, ಮತ್ತೆ ಬಂತು. ಎರಡನೆಯ ಸಲ ಅವರು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೂಸಿನ ಬೆವರು ಪರೀಕ್ಷೆ ಮಾಡಿಸಬೇಕು ಎಂದರಂತೆ. ತಿಮ್ಮೇಶ ಅಜ್ಜಂಪುರದಿಂದ ಕಾರು ಮಾಡಿಕೊಂಡೂ ಬಂದ. ಭಾಗಮ್ಮ ಬಾಗಿಲಿಗೆ ಅಡ್ಡ ನಿಂತರು.

"ಬೆವ್ರಲ್ಲಿ ಏನಪ್ಪಾ ನೋಡ್ತಾರೆ? ಇದು ದೃಷ್ಟಿ ಕಣೋ ತಿಮ್ಮ. ಯಾರ್ ದೃಷ್ಟಿ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಸೂಜಿ ಚುಚ್ಚಿಸಿ ಕೂಸನ್ನ ಸಾಯಿಸ್ಬೇಡ."

"ಅಕ್ಕಾ, ಡಾಕ್ಟ್ರು ಹೇಳವ್ರೆ..."

"ನಿನ್ನ ಎತ್ತಿ ಆಡ್ಸಿದೋಳು ನಾನು. ಡಾಕ್ಟ್ರಲ್ಲ."

ಕಾರು ಬಂದ ದಾರಿಯಲ್ಲೇ ಹೋಯಿತು. ಮಂತ್ರಿಸಿದ ದಾರ ಬಂತು, ಹೊಟ್ಟೆಯ ಮೇಲೆ ಕಾದ ಬಳೆಯ ಬರೆ ಬಂತು. ನಾನು ಹೋಗಿ ಕೂಗಾಡಿದೆ. ಗಿಡ್ಡಪ್ಪನವರು ಬೀಡಿ ಆರಿಸಿ, "ಹೆಂಗಸ್ರ ವಿಷ್ಯ ಮೇಡಂ, ನಾನ್ ಬಾಯಿ ಹಾಕಲ್ಲ," ಎಂದು ಎದ್ದು ಹೋದರು. ಮಳೆಗಾಲ ಶುರುವಾಗುವ ಹೊತ್ತಿಗೆ ಕೂಸು ತೀರಿಕೊಂಡಿತು. ತೆಂಗಿನ ತೋಟದ ಬದುವಿನಲ್ಲಿ ಮಣ್ಣು ಮಾಡಿ ಬಂದ ಮೇಲೆ, ಮನೆಯ ಮುಂದೆ ನೆರೆದವರೆದುರಿಗೆ ಭಾಗಮ್ಮ ಸೊಸೆಯತ್ತ ಕೈ ತೋರಿಸಿ, "ತಿಂದ್ಕೊಂಡ್ಳು, ನನ್ ಕೂಸನ್ನ ತಿಂದ್ಕೊಂಡ್ಳು!" ಎಂದು ನೆಲ ಬಡಿದು ಅತ್ತರು.

ಯಾರೂ ಇಲ್ಲವೆನ್ನಲಿಲ್ಲ. ಚಂದ್ರಕುಮಾರ ಅಲ್ಲೇ ಇದ್ದ. ಹೇಮಾವತಿಯೂ ಅಲ್ಲೇ ಗೋಡೆಗೆ ತಲೆಯಿಟ್ಟು ಕೂತಿದ್ದಳು. ವನಜಾಕ್ಷಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಒಳಗೆ ಹೋಗಿ ಹೆಣ ಹೊತ್ತವರಿಗೆ ಕೈಕಾಲು ತೊಳೆಯಲು ನೀರು ತೋಡಿದಳು. ಆ ಮಾತು ಅಂದಿನಿಂದ ಊರಲ್ಲಿ ಅವಳ ಹಿಂದೆಯೇ ತಿರುಗಿತು. ಬಸ್ಸಿನಲ್ಲಿ ಅವಳು ಕೂತರೆ ಪಕ್ಕದ ಬಾಣಂತಿ ಕೂಸಿನ ಮುಖಕ್ಕೆ ಸೆರಗು ಹಾಕುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಸೂತಕ ಕಳೆದ ಸ್ವಲ್ಪ ದಿನಕ್ಕೆ ಭಾಗಮ್ಮ ತಮ್ಮ ತೀರ್ಮಾನ ಹೇಳಿದರು. ಚಂದ್ರಕುಮಾರನಿಗೆ ಎರಡನೆಯ ಮದುವೆ. ಹುಡುಗಿ ಬೇರೆ ಯಾರೂ ಅಲ್ಲ, ಹೇಮಾವತಿಯ ಮಗಳು, ಅವನ ಅಕ್ಕನ ಮಗಳು ಧನುಶ್ರೀ.

ನಾನು ಗೋಡೆ ದಾಟಿ ಹೋಗುವಷ್ಟು ಸಿಟ್ಟಾದೆ. "ಮೊದಲ ಹೆಂಡತಿ ಬದುಕಿರುವಾಗ ಇನ್ನೊಂದು ಮದುವೆ ಕಾನೂನಿಗೆ ಅಪರಾಧ. ಗೊತ್ತಾ ನಿಮಗೆ?"

"ದೇವಸ್ಥಾನ್ದಾಗೆ ತಾಳಿ ಕಟ್ಟಿದ್ರೆ ಯಾವ್ ಕಾನೂನು ಬಂದು ನೋಡ್ತದೆ? ಇವ್ಳನ್ನೇನ್ ಆಚೆಗೆ ಹಾಕ್ತೀವಾ? ಇರ್ಲಿ, ಊಟ ಬಟ್ಟೆಗೆ ಕಮ್ಮಿ ಮಾಡಲ್ಲ. ಇವ್ಳೇ ಕೈ ಹಿಡ್ದು ಚಿಕ್ಕೋಳನ್ನ ಒಳಗೆ ಕರ್ಕೊಂಡ್ ಬರ್ಲಿ, ಅದೇ ಪದ್ಧತಿ. ಹುಡ್ಗಿ ನಮ್ದೇ, ರಕ್ತ ನಮ್ದೇ. ಹೊಲದ್ ಖಾತೆ ನಾಳೆ ಬೇರೇರ ಹೆಸ್ರಿಗೆ ಹೋಗಲ್ಲ."

"ವನಜಾಕ್ಷಿಗೆ ದೋಷವಿಲ್ಲ ಅಂತ ಶಿವಮೊಗ್ಗದಲ್ಲೂ ಹಾಸನದಲ್ಲೂ ಡಾಕ್ಟರು ಹೇಳಿದ್ದಾರೆ. ನಿಮ್ಮ ಮಗನನ್ನು ಒಂದು ಸಲ ತೋರಿಸಿದ್ದೀರಾ?"

ಭಾಗಮ್ಮ ನನ್ನನ್ನು ಕರುಣೆಯಿಂದ ನೋಡಿದರು. "ಅವ್ನು ಗಂಡ್ಸಲ್ವಾ ಮೇಡಮ್ಮೋರೆ? ಎತ್ತಿನ ಹಂಗವ್ನೆ. ಅವ್ನಿಗೇನ್ ತೋರ್ಸೋದು?"

ಇವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲವೆಂದು ಮಾರನೆಯ ದಿನ ಕಡೂರಿನ ಅಂಗಡಿಗೇ ಹೋದೆ. ಚಂದ್ರಕುಮಾರ ಸುಟ್ಟ ಮೋಟಾರೊಂದನ್ನು ಬಿಚ್ಚಿಕೊಂಡು ಕೂತಿದ್ದ. ನೀರು ಬರಲಿಲ್ಲವೆಂದು ಯಾರಾದರೂ ಬಂದರೆ ಬೋರೊಂದನ್ನೇ ಬೈಯುತ್ತೀರಾ, ಮೋಟಾರನ್ನೂ ಪೈಪನ್ನೂ ನೋಡುತ್ತೀರಾ ಎಂದು ಕೇಳಿದೆ. ಅವನಿಗೆ ಅರ್ಥವಾಯಿತು. ತಂತಿ ಸುತ್ತುತ್ತಲೇ, "ಧನು ನನ್ ಹೆಗಲ್ ಮೇಲ್ ಕೂತ್ಕೊಂಡು ಬೆಳ್ದಿರೋ ಹುಡ್ಗಿ ಮೇಡಂ," ಎಂದ. "ಅವ್ಳಿಗೆ ತಾಳಿ ಕಟ್ಟು ಅಂತವ್ರೆ. ಊಟ ಸೇರ್ತಿಲ್ಲ ನಂಗೆ."

"ಹಾಗಾದರೆ ನಡೀರಿ, ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಿ."

ತರೀಕೆರೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ಸೂಫಿಯಾ ಎಂಬ ಹುಡುಗಿ ಇದ್ದಳು, ಮಹಮ್ಮದ್ ಹನೀಫ್ ಅವರ ಮಗಳು. ಈಗ ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ, ತಂದೆತಾಯಿಯಿಂದ ಮಕ್ಕಳಿಗೆ ಬರುವ ಕಾಯಿಲೆಗಳ ಬಗ್ಗೆ ಕೆಲಸ ಮಾಡುತ್ತಾಳೆ. ಅವಳಿಗೆ ಫೋನು ಮಾಡಿದೆ. ಅಂಗಡಿಗೆ ಸಾಮಾನು ತರುವ ನೆಪ ಹೇಳಿ ಗಂಡ ಹೆಂಡತಿ ಕಡೂರಿನಲ್ಲಿ ರೈಲು ಹತ್ತಿದರು. ಜೊತೆಗೆ ನಾನು.

ಬೆಂಗಳೂರಿನಲ್ಲಿ ಸೂಫಿಯಾ ಗೊತ್ತುಮಾಡಿದ್ದ ಡಾಕ್ಟರ್ ಮೃತ್ಯುಂಜಯ ಅವರು ಚಂದ್ರಕುಮಾರನನ್ನು ಒಳಗೆ ಕರೆದುಕೊಂಡು ಹೋಗಿ ನೋಡಿದರು. ಹೊರಗೆ ಬಂದು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ಒಳಗೆ ವೀರ್ಯಾಣು ಆಗುತ್ತದೆ, ಅದು ಹೊರಗೆ ಬರುವ ನಾಳ ಎರಡೂ ಕಡೆ ಇಲ್ಲ. ಹುಟ್ಟಿನಿಂದಲೇ ಇಲ್ಲ. ಗಂಡಸುತನಕ್ಕೂ ಇದಕ್ಕೂ ಸಂಬಂಧವಿಲ್ಲ, ಹೊರಗಿನಿಂದ ನೋಡಿದರೆ ಗೊತ್ತಾಗುವಂಥದ್ದೂ ಅಲ್ಲ.

ಚಂದ್ರಕುಮಾರ ಅಂಗೈ ನೋಡಿಕೊಂಡು ಕೂತ. "ಮೋಟಾರ್ ಓಡ್ತೈತೆ, ನೀರೂ ಐತೆ. ಪೈಪೇ ಹಾಕಿಲ್ಲ. ಹಂಗಾ ಸಾರ್?"

"ಹಾಗೇ. ಆ ನೀರನ್ನು ಸೂಜಿಯಿಂದ ತೆಗೆದು, ಲ್ಯಾಬಿನಲ್ಲಿ ಹೆಂಡತಿಯ ಅಂಡದ ಜೊತೆ ಕೂಡಿಸಬಹುದು. ಆಗೇ ಆಗುತ್ತದೆ ಅಂತ ಮಾತು ಕೊಡುವುದಿಲ್ಲ. ಆದರೆ ದಾರಿ ಇದೆ. ಅದಕ್ಕೆ ಮೊದಲು ಇಬ್ಬರ ರಕ್ತವನ್ನೂ ನೋಡಬೇಕು."

ಆಮೇಲೆ ಸೂಫಿಯಾ ಎದುರಿಗೆ ಕೂತು ಮನೆಯವರ ವಿಷಯ ಕೇಳತೊಡಗಿದಳು. ಯಾರು ಯಾರನ್ನು ಮದುವೆಯಾದರು, ಯಾವ ಮಕ್ಕಳು ಉಳಿದವು. ತಿಮ್ಮೇಶ ಮದುವೆಯಾದದ್ದು ಅಕ್ಕನ ಮಗಳನ್ನೇ ಎಂದಾಗ ಒಮ್ಮೆ ತಲೆಯೆತ್ತಿದಳು. ಹೋದ ಕೂಸುಗಳ ಕೆಮ್ಮು, ಮೈ ಹಿಡಿಯದಿದ್ದುದು ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಆ ಮಗುವಿಗೆ ಮುತ್ತು ಕೊಟ್ಟಾಗ ಮೈ ಉಪ್ಪಾಗಿದೆ ಅಂತ ಯಾರಾದ್ರೂ ಹೇಳಿದ್ರಾ?"

ಚಂದ್ರಕುಮಾರ ಹೆಂಡತಿಯ ಕಡೆ ನೋಡಿದ. ವನಜಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಾನು," ಎಂದಳು. "ನಾನ್ ಹೇಳ್ದೆ. ಅದ್ಕೇ ಅದು ಸತ್ತಿದ್ದು ಅಂತಾರೆ."

ಸೂಫಿಯಾ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. "ಅಕ್ಕಾ, ಡಾಕ್ಟ್ರು ಪರೀಕ್ಷೆಯಲ್ಲಿ ನೋಡೋದನ್ನೇ ನೀವು ತುಟಿಯಲ್ಲಿ ಕಂಡ್ರಿ. ನಿಮ್ಮ ಮಾತು ಕೇಳಿ ಬೇಗ ಕರ್ಕೊಂಡು ಬಂದಿದ್ರೆ ಮಗು ಇನ್ನಷ್ಟು ವರ್ಷ ಬದುಕ್ತಿತ್ತೇನೋ. ಇದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಅಂತಾರೆ. ನಮ್ಮ ಮೈಯಲ್ಲಿ ಉಪ್ಪನ್ನ ಸರಿಯಾಗಿ ಸಾಗಿಸೋ ಒಂದು ಜೀನ್ ಇದೆ, ತಾಯಿಯಿಂದೊಂದು, ತಂದೆಯಿಂದೊಂದು, ಜೋಡಿಯಾಗಿ. ಒಂದು ಕೆಟ್ಟಿದ್ರೂ ಇನ್ನೊಂದು ನಿಭಾಯಿಸ್ತದೆ, ಯಾರಿಗೂ ಗೊತ್ತಾಗಲ್ಲ. ಎರಡೂ ಪೂರ್ತಿ ಕೆಟ್ಟಿದ್ರೆ ಬೆವರು ಉಪ್ಪಾಗ್ತದೆ, ಕಫ ಅಂಟಾಗಿ ಎದೆ ಕಟ್ತದೆ, ತಿಂದಿದ್ದು ಮೈಗೆ ಹತ್ತಲ್ಲ. ಒಂದು ಪೂರ್ತಿ, ಇನ್ನೊಂದು ಸ್ವಲ್ಪ ಕೆಟ್ಟಿದ್ರೆ ಗಂಡಸರು ಗಟ್ಟಿಮುಟ್ಟಾಗೇ ಇರ್ತಾರೆ, ಆದ್ರೆ ಆ ನಾಳ ಮಾತ್ರ ಬೆಳೆಯಲ್ಲ. ಅಣ್ಣನಿಗೆ ಹೀಗೇ ಆಗಿರಬೇಕು."

"ಹಂಗಾದ್ರೆ ಅಕ್ಕನ್ ಕೂಸಿಗೂ ನಂಗೂ ಇರೋದು ಒಂದೇನಾ?" ಎಂದ ಚಂದ್ರಕುಮಾರ.

"ಬೇರು ಒಂದೇ ಇರಬೇಕು. ನಿಮ್ಮ ತಾಯಿಯ ಮನೆ ಕಡೆ ಇದ್ದ ಕೆಟ್ಟ ಜೀನ್ ನಿಮಗೂ ನಿಮ್ಮ ಅಕ್ಕನಿಗೂ ಬಂತು, ನಿಮ್ಮ ಸೋದರಮಾವನಿಗೂ ಬಂತು. ಅಕ್ಕ, ಮಾವ ಇಬ್ರೂ ಗಂಡ ಹೆಂಡತಿ ಆದಾಗ ಎರಡು ಕಡೆಯಿಂದಲೂ ಅದೇ ಬಂದು ಕೂಸಿನಲ್ಲಿ ಸೇರ್ತು. ಅವರ ರಕ್ತ ನೋಡದೆ ಖಂಡಿತ ಅಂತ ಹೇಳಕ್ಕಾಗಲ್ಲ. ಧನುಶ್ರೀನೂ ಪರೀಕ್ಷೆ ಮಾಡಿಸ್ಕೊಂಡ್ರೆ ಒಳ್ಳೇದು."

ಕೆಲವು ವಾರಗಳ ನಂತರ ಫಲಿತಾಂಶ ಬಂತು. ಸೂಫಿಯಾ ಊಹಿಸಿದ್ದಂತೆಯೇ ಚಂದ್ರಕುಮಾರನ ಜೋಡಿಯಲ್ಲಿ ಒಂದು ಪೂರ್ತಿ, ಇನ್ನೊಂದು ಅರೆಬರೆ ಕೆಟ್ಟಿತ್ತು. ವನಜಾಕ್ಷಿಯ ರಕ್ತದಲ್ಲಿ ಆ ದೋಷದ ಸುಳಿವೇ ಸಿಗಲಿಲ್ಲ. ಹೊರಗಿನಿಂದ ತಂದ ಹೆಣ್ಣು ಎಂದು ಯಾರನ್ನು ಹಳಿಯುತ್ತಿದ್ದರೋ, ಆ ಮನೆಯಲ್ಲಿ ಈ ಕಾಯಿಲೆಯ ಭಯವಿಲ್ಲದೆ ಕೂಸನ್ನು ಹೆರಬಹುದಾಗಿದ್ದವಳು ಅವಳೇ. ಹೊರಗಿನವಳು ಎನ್ನುವುದೇ ಆ ಮನೆಯ ಭಾಗ್ಯವಾಗಿತ್ತು. ಇದನ್ನು ನನ್ನ ಶಾಲೆಯ ಹುಡುಗರೂ ಲೆಕ್ಕ ಹಾಕಿ ಹೇಳಿಯಾರು.

ಗೆದ್ದೆವು ಎಂದುಕೊಂಡೆ ನಾನು. ಅಷ್ಟರಲ್ಲಿ ಚಂದ್ರಕುಮಾರ ನಮ್ಮ ಮನೆಗೆ ಬಂದು, ಹಿಂದೆ ನಿಂತಿದ್ದ ಹೆಂಡತಿಯ ಕಡೆಗೂ ತಿರುಗದೆ, ಕೈ ಮುಗಿದ. "ಮೇಡಂ, ಈ ಮಾತು ಎಲ್ಲೂ ಆಡ್ಬೇಡಿ. ಅಂಗಡಿ ಮುಂದೆ ಹತ್ ಜನ ಬಂದು ಕೂತ್ಕೊತಾರೆ. ಅವ್ರೆಲ್ಲ ನಕ್ಕರೆ ನಾನ್ ಮುಖ ಎಲ್ಲಿಟ್ಕೊಳ್ಲಿ? ನಾನೇ ಹೇಳ್ತೀನಿ ಅವ್ವಂಗೆ. ಟೈಮ್ ನೋಡ್ಕೊಂಡು ಹೇಳ್ತೀನಿ."

ಏಳು ವರ್ಷ ನಿನ್ನ ಹೆಂಡತಿ ತನ್ನ ಮುಖವನ್ನು ಎಲ್ಲಿಟ್ಟುಕೊಂಡಿದ್ದಳು ಎಂದು ಕೇಳಲು ಬಾಯಿ ತೆರೆದೆ. ವನಜಾಕ್ಷಿ ಕಣ್ಣಲ್ಲೇ ಬೇಡವೆಂದಳು. ಅದು ಅವನ ಮೈಯ ವಿಷಯ, ಅವನು ಹೇಳಿದರೆ ಮಾತ್ರ ಹೊರಗೆ ಬರಬೇಕು ಎಂದು ಸೂಫಿಯಾಳೂ ಹೇಳಿದ್ದಳು. ನಾನೂ ವನಜಾಕ್ಷಿಯೂ ಮಾತು ಕೊಟ್ಟೆವು.

ಅವನು ಹೇಳಲಿಲ್ಲ. ನಾಳೆ ಎಂದ, ಹಬ್ಬ ಕಳೆಯಲಿ ಎಂದ, ಅಪ್ಪನಿಗೆ ಜ್ವರ ಎಂದ. ಇತ್ತ ಭಾಗಮ್ಮ ದಿನ ನೋಡಿಸಿದರು. ವನಜಾಕ್ಷಿ ದಿನದಿನಕ್ಕೂ ಸೊರಗಿದಳು. ಒಂದು ಸಂಜೆ ಗೋಡೆಯ ಬಳಿ ಬಂದು, "ಮೇಡಂ, ಗೊತ್ತಿಲ್ದಾಗ ಬೈಸ್ಕೊಳ್ಳೋದು ಹೆಂಗೋ ಆಗ್ತಿತ್ತು," ಎಂದಳು. "ಈಗ ಪಕ್ಕದಲ್ಲಿ ಮಲಗಿರೋರಿಗೆ ಗೊತ್ತಿದ್ದೂ ಬೈಸ್ಕೊಳ್ಳೋದು ಆಗ್ತಿಲ್ಲ."

ವೀಳ್ಯ ಶಾಸ್ತ್ರದ ದಿನ ಬೆಳಿಗ್ಗೆ ಅಜ್ಜಂಪುರದವರು ಬಂದಿಳಿದರು. ನಡುಮನೆಯಲ್ಲಿ ಜಮಖಾನ ಹಾಸಿತ್ತು. ತಿಮ್ಮೇಶ, ಹೇಮಾವತಿ, ಊರಿನ ನಾಲ್ಕಾರು ಹಿರಿಯರು. ನಾನೂ ಬಾಗಿಲ ಬಳಿ ನಿಂತಿದ್ದೆ. ಧನುಶ್ರೀಯನ್ನು ಹೊಸ ಸೀರೆ ಉಡಿಸಿ ಒಳಕೋಣೆಯಲ್ಲಿ ಕೂರಿಸಿದ್ದರು. ಆ ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಅಪ್ಪನಿಗೆ ಅಕ್ಕನ ಮಾತು, ಅಮ್ಮನಿಗೆ ಅವ್ವನ ಮಾತು. ಅವಳ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ಭಾಗಮ್ಮ ಅರಿಶಿನ ಕುಂಕುಮ, ವೀಳ್ಯದೆಲೆ ಇದ್ದ ತಟ್ಟೆಯನ್ನು ವನಜಾಕ್ಷಿಯ ಕೈಗಿಟ್ಟರು. "ಹೋಗವ್ವಾ, ಕೈ ಹಿಡ್ದು ಕರ್ಕೊಂಡ್ ಬಾ. ನಿನ್ ಕೈಯಿಂದ್ಲೇ ಆಗ್ಲಿ."

ವನಜಾಕ್ಷಿ ತಟ್ಟೆ ಹಿಡಿದು ನಿಂತಳು. ಒಳಗೆ ಹೋಗದೆ ಗಂಡನ ಎದುರಿಗೆ ಬಂದಳು. ಅವನು ಹೊಸ ಪಂಚೆಯುಟ್ಟು ಕಂಬಕ್ಕೆ ಒರಗಿ ಕೂತಿದ್ದ.

"ರೀ," ಎಂದಳು. "ನಾನ್ ಕೊಟ್ಟ ಮಾತು ಉಳ್ಸ್ಕೊಂಡಿದೀನಿ. ಈಗ್ಲೂ ನಾನ್ ಹೇಳಲ್ಲ. ಆದ್ರೆ ಒಳಗೆ ಕೂತಿರೋ ಹುಡ್ಗೀನೂ ನಾಳೆ ಇಲ್ಲೇ, ಇದೇ ಬಾಗ್ಲಿಗೆ ಒರಗಿಸಿ ನಿಲ್ಲಿಸ್ತಾರೆ. ಆವಾಗ್ಲೂ ನೀವು ಹಿಂಗೇ ಕೂತಿರ್ತೀರಾ?"

ಎಲ್ಲರೂ ಅವನನ್ನು ನೋಡಿದರು. ನಾನು ಕಾದೆ. ಒಂದು ಮಾತು, ಒಂದೇ ಮಾತು ಸಾಕಿತ್ತು. ಅವನು ತಲೆ ತಗ್ಗಿಸಿದ.

ವನಜಾಕ್ಷಿ ಬಗ್ಗಿ, ತಟ್ಟೆಯನ್ನು ಜಮಖಾನದ ಮೇಲೆ ಸದ್ದಾಗದಂತೆ ಇಟ್ಟಳು. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದಳು. ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಬಸ್ ಸ್ಟಾಪಿನ ಕಡೆ ತಿರುಗಿದ ಮೇಲೆ ಅವಳು ಒಮ್ಮೆಯೂ ಹಿಂದೆ ನೋಡಲಿಲ್ಲ.

"ಹೋಗ್ಲಿ ಬುಡಿ," ಎಂದರು ಭಾಗಮ್ಮ. "ಸಂಜೀಕೆ ಹೊಟ್ಟೆ ಹಸಿದ್ರೆ ಬತ್ತಾಳೆ. ಹೇಮಾ, ನೀನೇ ಮಗ್ಳನ್ನ ಕರ್ಕೊಂಡ್ ಬಾ."

ಅಮ್ಮನ ಕೈ ಹಿಡಿದು ಧನುಶ್ರೀ ಬಾಗಿಲಿಗೆ ಬಂದಳು. ಮಾವನನ್ನು ನೋಡಿದವಳು ಅಲ್ಲೇ ನಿಂತುಬಿಟ್ಟಳು. "ಮಾವ, ನೀನಾದ್ರೂ ಬೇಡ ಅನ್ನು," ಎಂದಳು. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಬಲೂನು ಕೇಳುತ್ತಿದ್ದ ದನಿಯೂ ಇದೇ ಇದ್ದಿರಬೇಕು. ಚಂದ್ರಕುಮಾರ ಎದ್ದು ನಿಂತ. ಕಂಬ ಹಿಡಿದುಕೊಂಡಿದ್ದ.

"ಅವ್ವಾ, ಈ ಮದ್ವೆ ಬೇಡ. ದೋಷ ಇರೋದು ನಂಗೆ. ಹುಟ್ಟಿದಾಗಿಂದ ಐತೆ. ನಂಗೆ ಎಷ್ಟ್ ಜನ ಹೆಂಡ್ರನ್ನ ತಂದ್ರೂ ಮಕ್ಳಾಗಲ್ಲ. ಡಾಕ್ಟ್ರು ಹೇಳಿ ತಿಂಗ್ಳಾನುಗಟ್ಲೆ ಆಯ್ತು. ನಾನೇ ಬಾಯಿ ಮುಚ್ಕೊಂಡಿದ್ದೆ. ವನಜಂಗೆ ಏನೂ ಆಗಿಲ್ಲ."

ಹಿರಿಯರಲ್ಲೊಬ್ಬರು ಕೆಮ್ಮಿದರು. ಗಿಡ್ಡಪ್ಪನವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹಟ್ಟಿಯ ಕಡೆ ನಡೆದರು. ಭಾಗಮ್ಮ ಮಾತ್ರ ಅಲುಗಲಿಲ್ಲ.

"ಮದ್ದು ಹಾಕವ್ಳೆ," ಎಂದರು. "ಊಟದಾಗೆ ಮದ್ದು ಹಾಕಿ ನಿನ್ ಬಾಯಲ್ಲಿ ಇದ್ನ ಹೇಳಿಸ್ತಾವ್ಳೆ. ಕೂಸನ್ನೇ ತಿಂದೋಳಿಗೆ ಇದ್ಯಾವ್ ಲೆಕ್ಕ?"

"ಕೂಸು ಹೋಗಿದ್ದೂ ಇದೇ ಕಾಯ್ಲೆಗೆ ಕಣವ್ವಾ. ನಿನ್ ತವರ ಕಡೆಯಿಂದ ಬಂದಿದ್ದು ಅಂತವ್ರೆ. ಅಕ್ಕಂಗೂ ಮಾವಂಗೂ ಬಂದು, ಕೂಸಿಗೆ ಎರಡೂ ಸೇರ್ಕೊಂತು. ಮೈ ಉಪ್ಪಾಗೋದೇ ಅದ್ರ ಗುರ್ತಂತೆ."

"ಸುಳ್ಳು! ಉಪ್ಪಂತೆ ಉಪ್ಪು! ಅವ್ಳೊಬ್ಳಿಗೆ ಹತ್ತಿದ ಉಪ್ಪು!"

ಆಗ ಹೇಮಾವತಿ ಮಗಳ ಕೈ ಬಿಟ್ಟು ಮುಂದೆ ಬಂದಳು.

"ಅವ್ಳೊಬ್ಳಿಗಲ್ಲವ್ವಾ. ನಂಗೂ ಹತ್ತಿತ್ತು. ದಿನಾ ಮುತ್ತು ಕೊಡೋಳಿಗೆ ಗೊತ್ತಾಗಲ್ವಾ? ಹಾಲ್ ಕುಡ್ಸುವಾಗ, ಮಲಗಿಸುವಾಗ, ದಿನಾ ಉಪ್ಪೇ. ಮೊದ್ಲು ಹೋಯ್ತಲ್ಲ, ಆ ಕೂಸಿನ್ ಮೈಯೂ ಹಂಗೇ ಇತ್ತು. ಹೇಳಿದ್ರೆ ನನ್ನಲ್ಲೇ ಏನೋ ಐತೆ ಅಂತೀರಿ ಅಂತ ನುಂಗ್ಕೊಂಡೆ. ಅವ್ಳು ಪಾಪ ಮೊದಲ್ನೇ ಸಲ ಎತ್ಕೊಂಡೋಳು, ಬಾಯಿಗೆ ಬಂದಿದ್ನ ಹೇಳ್ಬಿಟ್ಳು. ನೀನ್ ಅಂಗಳದಾಗೆ ನೆಲ ಬಡ್ದು ತಿಂದ್ಕೊಂಡ್ಳು ಅಂದಾಗ ಅವ್ಳು ನನ್ ಮುಖಾನೇ ನೋಡಿದ್ಳು. ನಾನ್ ಗೋಡೆ ನೋಡ್ದೆ."

ಹೇಮಾವತಿ ಅಲ್ಲೇ ಕುಸಿದು ಕೂತು ಅತ್ತಳು. ಧನುಶ್ರೀ ಅಮ್ಮನನ್ನು ತಬ್ಬಿಕೊಂಡಳು. ತಿಮ್ಮೇಶ ಎದ್ದು ಎಲೆ ಅಡಿಕೆಯ ತಟ್ಟೆಯನ್ನು ಎತ್ತಿ ದೇವರ ಗೂಡಿನ ಪಕ್ಕಕ್ಕೆ ಸರಿಸಿದ. ಆ ಕಾರನ್ನು ಅವತ್ತು ವಾಪಸ್ಸು ಕಳಿಸಬಾರದಿತ್ತು ಎಂದು ಗೊಣಗಿದ್ದು ನನಗೆ ಕೇಳಿಸಿತು. ಚಂದ್ರಕುಮಾರ ಬಸ್ ಸ್ಟಾಪಿಗೆ ಓಡಿದ. ಸಿಂಗಟಗೆರೆಯ ಬಸ್ಸು ಹೋಗಿಯಾಗಿತ್ತು. ಅವನು ಕೊನೆಗೂ ಆಡಿದ ಮಾತು ಅಲ್ಲಿದ್ದವರೆಲ್ಲರ ಕಿವಿಗೆ ಬಿತ್ತು, ಯಾರಿಗೆ ಬೀಳಬೇಕಿತ್ತೋ ಅವಳೊಬ್ಬಳಿಗೆ ಬಿಟ್ಟು.

ಮಾರನೆಯ ವಾರ ನಾನೂ ಹೇಮಾವತಿಯೂ ಸಿಂಗಟಗೆರೆಗೆ ಹೋದೆವು. ವನಜಾಕ್ಷಿ ಅಣ್ಣನ ಮನೆಯ ಹಿಂದೆ ತೆಂಗಿನ ಗರಿ ಸೀಳುತ್ತ ಕೂತಿದ್ದಳು. ಹೇಮಾವತಿ ಅವಳ ಕಾಲು ಹಿಡಿಯಲು ಬಗ್ಗಿದಾಗ ತಡೆದು ಪಕ್ಕದಲ್ಲಿ ಕೂರಿಸಿಕೊಂಡಳು. ಗಂಡ ಹೇಳಿದ್ದನ್ನು ನಾನು ವಿವರಿಸಿದೆ. ಕೇಳಿ ಮುಗಿಸಿದ ಮೇಲೆ, "ನಾನ್ ಕೇಳ್ದಾಗ ಹೇಳ್ಲಿಲ್ಲ," ಎಂದಳು ಅಷ್ಟೆ. ಅವಳಿಗೆ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಡಾಕ್ಟರು ಹೇಳಿದ ದಾರಿ ಇನ್ನೂ ಇದೆ, ಮಗುವಾಗಬಹುದು, ಮನೆಗೆ ನಡಿ ಎಂದೆ.

"ಮಗೂಗೋಸ್ಕರ ಬರಲ್ಲ ಮೇಡಂ. ಮಗು ಆದ್ಮೇಲೆ ನನ್ನನ್ನ ಒಳಗೆ ಕರ್ಕೊಳ್ಳೋರು ನಂಗೆ ಬೇಡ. ಅತ್ತೆ ಇಲ್ಲಿಗೆ ಬರ್ಲಿ. ಈ ಬಾಗ್ಲಲ್ಲಿ ನಿಂತು, ವನಜಾ, ಕೂಸನ್ನ ನೀನು ತಿನ್ಲಿಲ್ಲ ಅಂತ ಒಂದ್ ಮಾತು ಅನ್ಲಿ. ಅವತ್ತು ಬತ್ತೀನಿ."

ಧನುಶ್ರೀ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಅಪ್ಪ ಅಮ್ಮನ ಜೊತೆ ಅವಳೂ ರಕ್ತ ಕೊಟ್ಟು ಬಂದಳು. ಮೂವರಲ್ಲೂ ಆ ಕೆಟ್ಟ ಜೀನ್ ಒಂದೊಂದು ಇದೆ. "ನನ್ನ ಕೇಳ್ಕೊಂಡು ಬರೋ ಗಂಡಿಗೆ ನಾನೇ ಹೇಳ್ತೀನಿ ಮೇಡಂ," ಎಂದಳು ನನಗೆ. "ಅವ್ನೂ ಪರೀಕ್ಷೆ ಮಾಡಿಸ್ಕೊಂಡು ಬರ್ಲಿ. ಆಗಲ್ಲ ಅಂದ್ರೆ ಹೋಗ್ಲಿ." ಇಡೀ ಮನೆಯಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಇದೊಂದೇ. ಚಂದ್ರಕುಮಾರ ಆಗಾಗ ಸಿಂಗಟಗೆರೆಗೆ ಹೋಗಿ, ಜಗಲಿಯ ಮೇಲೆ ಕೂತು, ಅವಳು ಕೊಟ್ಟ ಕಾಫಿ ಕುಡಿದು ಬರುತ್ತಾನೆ. ಅಂಗಡಿಯ ಮುಂದೆ ಯಾರೂ ನಗಲಿಲ್ಲ. ಒಂದಿಬ್ಬರು ಮದುವೆಯಾದ ಗಂಡಸರು ಬಂದು, ಆ ಡಾಕ್ಟರ ವಿಳಾಸ ಗುಟ್ಟಾಗಿ ಕೇಳಿಕೊಂಡು ಹೋದರಂ‍ತೆ.

ಮೊನ್ನೆ ಸಂತೆಯ ದಿನ ಭಾಗಮ್ಮ ಗೋಡೆಯ ಹತ್ತಿರ ಬಂದರು. ಬಹಳ ಸೋತಿದ್ದಾರೆ. "ಮೇಡಮ್ಮೋರೆ, ಸಿಂಗಟಗೆರೆ ಬಸ್ಸು ಎಷ್ಟೊತ್ಗೆ?" ಎಂದರು. ಹೇಳಿದೆ. ಒಗೆದ ಸೀರೆಯುಟ್ಟು, ಒಂದು ಚೀಲದಲ್ಲಿ ತೆಂಗಿನಕಾಯಿ ಹಾಕಿಕೊಂಡು ಹೊರಟರು. ನನಗೆ ತಡೆಯಲಾಗಲಿಲ್ಲ, ಶಾಲೆಗೆ ಹೊರಟ ಹಾಗೆ ಮಾಡಿ ಹಿಂದೆಯೇ ಹೋದೆ. ಅವರು ಸ್ಟಾಪಿನ ಕಟ್ಟೆಯ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತುಟಿ ಅಲುಗುತ್ತಿತ್ತು, ಏನೋ ಮಾತನ್ನು ಬಾಯಿಪಾಠ ಮಾಡುವವರ ಹಾಗೆ. ಬಸ್ಸು ಬಂದು ನಿಂತಿತು. ಕಂಡಕ್ಟರು, "ಅಜ್ಜೀ, ಬತ್ತೀಯಾ?" ಎಂದು ಕೂಗಿದ. ಭಾಗಮ್ಮ ಎದ್ದರು. ಬಾಗಿಲ ಕಂಬಿಯ ಮೇಲೆ ಕೈಯಿಟ್ಟರು. ಆಮೇಲೆ ಕೈ ತೆಗೆದು ಮತ್ತೆ ಕಟ್ಟೆಯ ಮೇಲೆ ಕೂತುಬಿಟ್ಟರು.

ಬಸ್ಸು ಹೋಯಿತು. ವನಜಾಕ್ಷಿ ಇನ್ನೂ ಸಿಂಗಟಗೆರೆಯಲ್ಲೇ ಇದ್ದಾಳೆ.